ಮಸ್ಕತ್ತಿಗೆ ಕಾಣುವ ಅವರೆ ಬಳ್ಳಿ

ಬಸವೇಶ್ವರನಗರದ ಆ ಅಡ್ಡರಸ್ತೆಯಲ್ಲಿ ಗಣೇಶ ಮುಳುಗಿ ಎರಡು ತಿಂಗಳಾಗಿದ್ದರೂ ಅವನ ಫೋಕಸ್ ಲೈಟು ಮಾತ್ರ ಮುಳುಗಿರಲಿಲ್ಲ. ಅದು ಕೊಟ್ರೇಶನ ಮಹಡಿಯ ಮೇಲೆ, ನೀರಿನ ಟ್ಯಾಂಕಿಗೆ ಕಟ್ಟಿದ ಬಿದಿರಿನ ತುದಿಯಲ್ಲಿ, ಸಂಜೆಯಾದರೆ ತಾನಾಗಿ ಹತ್ತಿ ಬೆಳಗಾದರೆ ತಾನಾಗಿ ಆರುತ್ತಿತ್ತು. ಪೆಂಡಾಲು ಬಿಚ್ಚಿದ ದಿನ ಅದನ್ನು ಹೊತ್ತು ತಂದವಳು ಮಗಳು ದೀಪ್ತಿ. ರಾಜಾಜಿನಗರದ ಶಾಲೆಯೊಂದರಲ್ಲಿ ಅವಳು ಡ್ರಾಯಿಂಗ್ ಟೀಚರು. ಗಣೇಶೋತ್ಸವ ಸಮಿತಿಯಲ್ಲಿ ಅವಳೇ ಸಾಂಸ್ಕೃತಿಕ ಕಾರ್ಯದರ್ಶಿ, ಅವಳೇ ನಿರೂಪಕಿ, ಮೈಕು ಕೆಟ್ಟರೆ ಅವಳೇ ಮೈಕು.

"ಅಪ್ಪಾ, ಹೀರೋಗೆ ಕ್ಲೋಸಪ್ ಇಡ್ಬೇಕು ಅಂದ್ರೆ ಲೈಟಿಂಗ್ ಸರಿ ಇರ್ಬೇಕು," ಎಂದು ಅವಳು ವಯರು ಎಳೆದಿದ್ದಳು. "ನಿನ್ನ ಟೊಮೇಟೊ ಮಸ್ಕತ್ತಲ್ಲಿ ಬದನೇಕಾಯಿ ಥರ ಕಾಣ್ತಿದೆಯಂತೆ. ಅಮ್ಮ ಕಂಪ್ಲೇಂಟ್ ಕೊಟ್ಟಿದಾಳೆ."

ಅಮ್ಮ ಅಂದರೆ ಬಸವರಾಜೇಶ್ವರಿ. ಮಸ್ಕತ್ತಿನ ಆಸ್ಪತ್ರೆಯೊಂದರಲ್ಲಿ ನರ್ಸು. ಐದು ವರ್ಷ ಅಂತ ಹೋದವಳು, ಹತ್ತೊಂಬತ್ತು ವರ್ಷ ಆಯಿತು. ಪ್ರತಿ ಮೇ ತಿಂಗಳಲ್ಲಿ ಮೂವತ್ತು ದಿನ ರಜೆಗೆ ಬರುತ್ತಾಳೆ. ದೀಪ್ತಿಯ ಶಾಲೆಗೆ ಆಗ ರಜೆ ಇರುತ್ತದೆಂದು ಶುರುವಾದ ಅಭ್ಯಾಸ ಅದು. ಮಗಳು ಓದು ಮುಗಿಸಿ ತಾನೇ ಟೀಚರಾದರೂ ಅಭ್ಯಾಸ ಮಾತ್ರ ಹಾಗೇ ಉಳಿಯಿತು. ಹತ್ತೊಂಬತ್ತು ಮೇ ತಿಂಗಳನ್ನೂ ಒಟ್ಟು ಸೇರಿಸಿದರೆ ಗಂಡ ಹೆಂಡತಿ ಒಂದೇ ಸೂರಿನಡಿ ಕಳೆದದ್ದು ಎರಡು ವರ್ಷವೂ ಆಗುವುದಿಲ್ಲ. ಉಳಿದ ಸಂಸಾರವೆಲ್ಲ ಫೋನಿನಲ್ಲಿ ನಡೆದದ್ದು.

ಫೋನಿನಲ್ಲಿ ಏನು ಮಾತಾಡುವುದು? ಕೊಟ್ರೇಶ ಸರ್ಕಾರಿ ಬಸ್ಸಿನ ಡ್ರೈವರಾಗಿ ಮೂವತ್ತು ವರ್ಷ 'ಚಾಲಕರೊಡನೆ ಮಾತನಾಡಬೇಡಿ' ಎಂಬ ಬೋರ್ಡಿನ ಕೆಳಗೆ ಕೂತವನು. ರಿಟೈರಾದ ಮೇಲೂ ಆ ಬೋರ್ಡು ಅವನ ತಲೆಯ ಮೇಲೆ ಇದ್ದ ಹಾಗೇ ಇತ್ತು. ಹಾಗಾಗಿ ಡ್ಯೂಟಿಯಲ್ಲಿದ್ದಾಗಲೇ ಗಿಡ ಹಾಕಲು ಶುರುಮಾಡಿ, ಆಮೇಲೆ ಮಹಡಿಯನ್ನೇ ತುಂಬಿಸಿದ. ಪೇಂಟಿನ ಬಕೆಟ್ಟಿನಲ್ಲಿ ಟೊಮೇಟೊ, ದ್ರಾಕ್ಷಿ ಬರುವ ಥರ್ಮಾಕೋಲ್ ಡಬ್ಬಿಯಲ್ಲಿ ಮೆಂತ್ಯ, ಒಡೆದ ಸಿಂಕಿನಲ್ಲಿ ಕನಕಾಂಬರ. ಅಲ್ಲಿ ಏಳೂವರೆಗೋ ಎಂಟಕ್ಕೋ ಫೋನು ಹಿಡಿದು ನಿಂತರೆ ಸಾಕು. "ಅದೇನ್ರೀ, ಮೆಣಸಿನಕಾಯಾ?" ಎಂದು ಅವಳು ಕೇಳಬೇಕು, "ಹೂಂ" ಎಂದು ಇವನು ಹೇಳಬೇಕು. ಅವಳಿಗೆ ನೈಟ್ ಡ್ಯೂಟಿ ಬಿದ್ದ ವಾರ ಯಾವ ಹೊತ್ತಿಗೆ ಫೋನು ಬಂದೀತೋ ಹೇಳಲಾಗುತ್ತಿರಲಿಲ್ಲ. ಲೈಟು ಇಡೀ ರಾತ್ರಿ ಉರಿಯುತ್ತಿದ್ದುದು ಅದಕ್ಕೇ.

ಈ ವರ್ಷ ಮಾತ್ರ ಇನ್ನೊಂದು ವಿಷಯ ನಡುವೆ ಬಂದು ಕೂತಿತ್ತು. ಜನವರಿ ಕೊನೆಗೆ ಅವಳ ಕಾಂಟ್ರಾಕ್ಟು ಮುಗಿಯುತ್ತಿತ್ತು. ಇನ್ನೆರಡು ವರ್ಷಕ್ಕೆ ಸಹಿ ಹಾಕುವುದೋ, ಪೆಟ್ಟಿಗೆ ಕಟ್ಟಿ ಮನೆಗೆ ಬಂದುಬಿಡುವುದೋ ಎಂದು ಅವಳು ತೀರ್ಮಾನಿಸಬೇಕಿತ್ತು. ಕೊಟ್ರೇಶ ಹೇಳಬೇಕಿದ್ದದ್ದು ಒಂದೇ ಮಾತು, 'ಬಾ'. ಅಷ್ಟು ಸಣ್ಣ ಮಾತಿಗೆ ಅವನ ಬಾಯಿ ಏಳಲಿಲ್ಲ. ಅದಕ್ಕೇ ಅವನು ಅವರೆ ಹಾಕಿದ.

ಬಸವರಾಜೇಶ್ವರಿ ಬಿನ್ನಿಪೇಟೆಯಲ್ಲಿ ಬೆಳೆದವಳು, ಮಿಲ್ಲಿನ ಕೆಲಸಗಾರರ ಮಗಳು. ಡಿಸೆಂಬರ್ ಬಂತೆಂದರೆ ಸಾಲುಮನೆಗಳ ಹೆಂಗಸರೆಲ್ಲ ಬಾಗಿಲಲ್ಲಿ ಕೂತು ಅವರೆ ಸುಲಿಯುತ್ತಿದ್ದದ್ದು, ಹಿತುಕಿದ ಬೇಳೆಯ ಸಾರು ಕುದಿಯುತ್ತಿದ್ದದ್ದು ಅವಳು ಎಷ್ಟೋ ಸಲ ಹೇಳಿದ ಕತೆ. ಹತ್ತೊಂಬತ್ತು ವರ್ಷದಿಂದ ಅವಳು ಅವರೆಯ ಕಾಲದಲ್ಲಿ ಊರಿಗೆ ಬಂದಿಲ್ಲ. ಮೇ ತಿಂಗಳಲ್ಲಿ ಸಿಗುವ ಅವರೆಕಾಯಿ ಅವರೆಕಾಯಿಯೇ ಅಲ್ಲ, ಅದರ ಡೂಪು. ಬಳ್ಳಿ ಮೈತುಂಬ ಹೂ ಬಿಟ್ಟು, ಕಾಯಿ ತೂಗಿ, ಸೊಗಡು ಫೋನಿನಲ್ಲೇ ಮೂಗಿಗೆ ಬಡಿಯುವಂತಾದರೆ ಅವಳು ತಾನಾಗಿ ಬಂದಾಳು, ತಾನು ಬಾಯಿ ಬಿಡುವ ಪ್ರಮೇಯವೇ ಇರದು ಎಂಬುದು ಕೊಟ್ರೇಶನ ಲೆಕ್ಕ. ಮಾಗಡಿ ಕಡೆಯ ಹನುಮಯ್ಯನಿಂದ ಬೀಜ ತಂದು, ನೀಲಿ ಡ್ರಮ್ಮನ್ನು ಅರ್ಧಕ್ಕೆ ಕೊಯ್ದು, ಜುಲೈ ಕೊನೆಯಲ್ಲಿ ಊರಿದ.

ಬಳ್ಳಿ ಬಂತು ನೋಡಿ! ಚಪ್ಪರ ತುಂಬಿ, ಟ್ಯಾಂಕು ಹತ್ತಿ, ಪಕ್ಕದ ಮನೆಯ ಡಿಶ್ ಆಂಟೆನಾವನ್ನೂ ತಬ್ಬಿಕೊಂಡಿತು. ಆದರೆ ಎಲೆಯೋ ಎಲೆ. ನವೆಂಬರ್ ಮೂರನೇ ವಾರಕ್ಕೆ ಮಾರ್ಕೆಟ್ಟಿಗೆ ಅವರೆಕಾಯಿಯ ಮೂಟೆಗಳು ಬಂದಿಳಿದವು. ಇವನ ಬಳ್ಳಿಯಲ್ಲಿ ಒಂದು ಮೊಗ್ಗೂ ಇಲ್ಲ.

"ಹೂ ಬಿಡದ ಬಳ್ಳಿ, ಬಾಯಿ ಬಿಡದ ಗಂಡ," ಎಂದಳು ದೀಪ್ತಿ. "ಎರಡನ್ನೂ ನೋಡ್ಕೊಂಡು ಸುಮ್ನೆ ಕೂರೋಕೆ ನಾನೇನು ಸೆನ್ಸಾರ್ ಬೋರ್ಡಾ?"

ಸುಮ್ಮನೆ ಕೂರಲಿಲ್ಲ. ಮರುದಿನ ಕೊಟ್ರೇಶ ಹಾಲು ತರಲು ಹೋಗಿ ಬರುವಷ್ಟರಲ್ಲಿ ಗಣೇಶನ ಮಂಟಪದಿಂದ ಉಳಿದಿದ್ದ ನೇರಳೆ ಬಣ್ಣದ ಪ್ಲಾಸ್ಟಿಕ್ ಹೂಗಳನ್ನು ಬಳ್ಳಿಯ ತುದಿತುದಿಗೆ ಕಟ್ಟಿಟ್ಟಿದ್ದಳು. ಇವನು ನೋಡಿ ಬಯ್ಯಲು ಬಾಯಿ ತೆರೆದ. ಅಷ್ಟರಲ್ಲಿ ಫೋನು ಬಂತು, ದೀಪ್ತಿ ಕ್ಯಾಮರಾ ತಿರುಗಿಸಿಯೇ ಬಿಟ್ಟಳು.

ಪರದೆಯಲ್ಲಿ ಹೆಂಡತಿಯ ಮುಖ ಹತ್ತಿರಕ್ಕೆ ಬಂತು. ಆಮೇಲೆ, "ಹೂ ಬಿಟ್ಟಿದೆಯಾ?" ಎಂದಳು ಬಸವರಾಜೇಶ್ವರಿ. ಅವಳ ದನಿ ಸಣ್ಣಗಾಗಿತ್ತು.

ಕೊಟ್ರೇಶ ಮಗಳನ್ನು ನೋಡಿದ. ಮಗಳು ಆಕಾಶ ನೋಡಿದಳು.

"ಹೂಂ," ಎಂದ ಕೊಟ್ರೇಶ.

ಎರಡು ದಿನ ಬಿಟ್ಟು ಅವಳು ಸುದ್ದಿ ಹೇಳಿದಳು. "ರೀ, ಮೇ ತಿಂಗಳ ರಜೆ ಜನವರಿಗೆ ಬದಲಾಯಿಸ್ಕೊಂಡೆ. ಆರನೇ ತಾರೀಖು ಬರ್ತೀನಿ. ಕಾಂಟ್ರಾಕ್ಟ್ ಫಾರಮ್ಮೂ ಅಲ್ಲಿಗೇ ತರ್ತೀನಿ. ಕೂತು ಮಾತಾಡೋಣ."

ಫೋನು ಇಟ್ಟ ಮೇಲೆ ಕೊಟ್ರೇಶ ಟ್ಯಾಂಕಿಗೆ ಒರಗಿ ನಿಂತ. "ಏನೇ ಮಾಡ್ದೆ ನೀನು?"

"ಅಪ್ಪಾ, ಹೀರೋಯಿನ್ ಎಂಟ್ರಿ ಫಿಕ್ಸ್ ಮಾಡಿದೀನಿ," ಎಂದಳು ದೀಪ್ತಿ. ಆದರೆ ಅವಳ ಮುಖದಲ್ಲೂ ರಂಗು ಇರಲಿಲ್ಲ. "ಸೆಟ್ಟು ನೀನು ರೆಡಿ ಮಾಡು."

*

ಮುಂದಿನ ಭಾನುವಾರ ಅಪ್ಪ ಮಗಳು ಹಳೇ ಓಮ್ನಿಯಲ್ಲಿ ಮಾಗಡಿ ರಸ್ತೆ ಹಿಡಿದರು. ಕೊಟ್ರೇಶ ಕಾರು ಓಡಿಸಿದರೆ ಹಿಂದೆ ಇನ್ನೂ ಐವತ್ತು ಜನ ಕೂತಿರುವಂತೆ ಓಡಿಸುತ್ತಾನೆ. ತಿರುವಿನಲ್ಲಿ ಅಗಲಕ್ಕೆ ಸುತ್ತು ಹಾಕುತ್ತಾನೆ, ಬಸ್ ಸ್ಟಾಪು ಕಂಡರೆ ಕಾಲು ತಾನಾಗಿ ಬ್ರೇಕಿಗೆ ಹೋಗುತ್ತದೆ. ಕಾಮಾಕ್ಷಿಪಾಳ್ಯದಲ್ಲಿ ಒಬ್ಬ ಅಜ್ಜಿ ಬಾಗಿಲು ತೆಗೆದು ಹತ್ತಲು ಬಂದೇಬಿಟ್ಟಿದ್ದಳು.

"ರೈಟ್ ರೈಟ್," ಎಂದಳು ದೀಪ್ತಿ. "ಹೋಗ್ಲಿ ಹೋಗ್ಲಿ. ಮುಂದೆ ಸುಂಕದಕಟ್ಟೆ, ಚಿಲ್ರೆ ಇಟ್ಕೊಳ್ರಿ."

ಹನುಮಯ್ಯ ಹಳೇ ಪ್ರಯಾಣಿಕ. ಕೊಟ್ರೇಶ ಹನ್ನೊಂದು ವರ್ಷ ಇದೇ ರೂಟಿನಲ್ಲಿದ್ದಾಗ ತರಕಾರಿ ಮೂಟೆಯೊಂದಿಗೆ ಮುಂದಿನ ಸೀಟಿನಲ್ಲಿ ಕೂತು, ಬೋರ್ಡಿಗೆ ಕವಡೆ ಕಿಮ್ಮತ್ತೂ ಕೊಡದೆ ಚಾಲಕನೊಡನೆ ಮಾತನಾಡಿದ ಏಕೈಕ ವ್ಯಕ್ತಿ. ಅವನ ಹೊಲದ ಬದುವಿನಲ್ಲಿ ನಿಂತರೆ ಸೊಗಡು ಗಮ್ಮೆಂದು ಬಂದು ಅಂಗಿಗೆ ಅಂಟಿತು. ಕೊಟ್ರೇಶನಿಗೆ ಹೊಟ್ಟೆ ಉರಿಯಿತು.

"ಬೀಜ ಸರಿ ಇಲ್ಲ ಹನುಮಯ್ಯ ನಿಂದು."

"ಏ, ಬಾಯಲ್ಲಿ ಒಳ್ಳೇದು ಆಡಿ ಡ್ರೈವರ್ ಸಾಬ್ರೆ. ಅದೇ ಬೀಜ ಇಲ್ಲೂ ಹಾಕಿರೋದು. ನೀರು ಜಾಸ್ತಿ ಹುಯ್ದ್ರಾ?"

"ಇಲ್ಲ."

"ಗೊಬ್ರ?"

"ಅಳತೆ ಪ್ರಕಾರ."

"ಬಿಸ್ಲು?"

"ಬಿಸಿಲೇನು, ರಾತ್ರಿನೂ ಬೆಳಕು ಇದೆ ಅದಕ್ಕೆ," ಎಂದು ಕೊಟ್ರೇಶ ಸ್ವಲ್ಪ ಜಂಬದಿಂದಲೇ ಹೇಳಿದ. "ದೊಡ್ಡ ಫೋಕಸ್ ಲೈಟ್ ಹಾಕಿದೀವಿ."

ಹನುಮಯ್ಯ ಬೀಡಿ ಬಾಯಿಂದ ತೆಗೆದ. ಇಬ್ಬರನ್ನೂ ಹೊಲದ ಆ ಮೂಲೆಗೆ ಕರೆದುಕೊಂಡು ಹೋದ. ಅಲ್ಲಿ ರಸ್ತೆಯ ಪಕ್ಕ ಹೊಸದಾಗಿ ನೆಟ್ಟ ದೊಡ್ಡ ದೀಪದ ಕಂಬವಿತ್ತು. ಅದರ ಕೆಳಗಿನ ನಾಲ್ಕು ಸಾಲು ಅವರೆ ಸೊಂಪಾಗಿ ಹಸಿರಾಗಿತ್ತು, ಒಂದು ಹೂವೂ ಇರಲಿಲ್ಲ. ಐದನೇ ಸಾಲಿನಿಂದ ಆಚೆಗೆ ಕಾಯಿ ಜೋತುಬಿದ್ದಿತ್ತು.

"ನೋಡ್ದ್ರಾ? ಅವರೆಗೆ ಕತ್ಲೆ ಬೇಕು ಸಾಬ್ರೆ. ರಾತ್ರಿ ಉದ್ದ ಆಯ್ತು ಅಂತ ಗೊತ್ತಾದ್ರೇನೇ ಅದು ಹೂ ಬಿಡೋದು. ನೀವು ರಾತ್ರಿನೇ ಬರದಂಗೆ ಮಾಡ್ಬುಟ್ಟಿದೀರಿ. ಪಾಪ, ಅದು ಇನ್ನೂ ಬ್ಯಾಸ್ಗೆ ಅಂತ ಕಾಯ್ತಾ ಕುಂತದೆ."

ದೀಪ್ತಿ ಕಂಬದ ತುದಿಗೆ ಕತ್ತೆತ್ತಿದಳು. ಕೊಟ್ರೇಶ ಆ ನಾಲ್ಕು ಸಾಲಿನ ಎಲೆಗಳನ್ನೇ ನೋಡುತ್ತಿದ್ದ. ಅವಳು ನೋಡಲಿ ಎಂದು ಹಚ್ಚಿದ ದೀಪ, ಅವಳು ಬರಲಿ ಎಂದು ಹಾಕಿದ ಬಳ್ಳಿಯನ್ನೇ ತಡೆದು ನಿಲ್ಲಿಸಿತ್ತು.

"ಈಗ ಆರಿಸಿದ್ರೆ?" ಎಂದ.

"ಆರ್ಸಿ. ತಿಂಗ್ಳಿಗೆ ಮೊಗ್ಗು ಕಾಣ್ಬೋದು. ಕಾಯಿ ಬಲಿಯೋಕೆ ಪೆಬ್ರವರಿ ಮಧ್ಯ ಆಯ್ತದೆ. ಆದ್ರೆ ನೋಡಿ, ಮಿಣುಕು ಬೆಳ್ಕೂ ಬೀಳಂಗಿಲ್ಲ."

*

ಹನುಮಯ್ಯ ಮಾತಿನ ಭರಕ್ಕೆ ಹೇಳಿದ್ದನ್ನು ಕೊಟ್ರೇಶ ಡಿಪೋ ಮ್ಯಾನೇಜರಿನ ಆರ್ಡರಿನಂತೆ ಪಾಲಿಸಿದ. ಫೋಕಸ್ ಲೈಟು ಇಳಿಯಿತು. ಮೆಟ್ಟಿಲಿನ ಬಲ್ಬು ಬಿಚ್ಚಿದ. ಪಕ್ಕದ ಮನೆಯ ಬಾಲ್ಕನಿ ದೀಪದ ಕಡೆಗೆ ಗೋಣಿಚೀಲ ಕಟ್ಟಿದ. ಫೋನಿನ ಪರದೆಯ ಬೆಳಕೂ ಬೇಡವೆಂದು ಅದನ್ನು ಅಂಗಿಯ ಜೇಬಿಗೆ ಹಾಕಿ, ಕಿವಿಗೆ ವಯರು ಸಿಕ್ಕಿಸಿಕೊಂಡು ಮಹಡಿಯಲ್ಲಿ ಕೂತ. ಒಳಗೆ ಕೂತು ಮಾತಾಡಬಹುದಿತ್ತು. ಆದರೆ ಒಳಗೆ ದೀಪ್ತಿ ಇದ್ದಳು, ಅವಳ ಹಿನ್ನೆಲೆ ಸಂಗೀತವೂ ಇತ್ತು.

"ಯಾಕ್ರೀ, ವಿಡಿಯೋ ಹಾಕ್ಲಿಲ್ಲ?"

"ಲೈಟು ಕೆಟ್ಟಿದೆ."

"ರಿಪೇರಿಗೆ ಕೊಡಿ."

"ಗಣೇಶನ ಲೈಟು ಕಣೇ. ಅವನೇ ಬಂದು ಮಾಡ್ಬೇಕು."

ಅಲ್ಲಿಗೆ ಮಾತು ಮುಗಿಯಿತು. ತೋರಿಸಲು ಮೆಣಸಿನಕಾಯಿ ಇಲ್ಲ, ಕೇಳಲು ಕನಕಾಂಬರ ಇಲ್ಲ. ಮೊದಲ ದಿನ ನಾಲ್ಕು ನಿಮಿಷ, ಮರುದಿನ ಮೂರು. ಇಷ್ಟು ವರ್ಷ ಅವರಿಬ್ಬರ ಪರವಾಗಿ ಗಿಡಗಳೇ ಮಾತಾಡಿದ್ದವು ಎಂದು ಕೊಟ್ರೇಶನಿಗೆ ಆಗ ಹೊಳೆಯಿತು.

ಮೂರನೇ ದಿನ ಏನೂ ತೋಚದೆ ಕೇಳಿದ, "ಇವತ್ತು ಡ್ಯೂಟೀಲಿ ಏನಾಯ್ತು?"

"ಏನ್ರೀ ಹೊಸದಾಗಿ ಕೇಳ್ತಿದೀರಾ?"

"ಸುಮ್ನೆ."

ಅವಳು ಹೇಳಿದಳು. ಡಯಾಲಿಸಿಸ್ ವಾರ್ಡಿನಲ್ಲಿ ಹದಿನಾಲ್ಕು ಮೆಷಿನ್ನು, ಅದಕ್ಕೆ ಅವಳೇ ಇನ್‌ಚಾರ್ಜು. ಯಾವ ಮೆಷಿನ್ನು ಯಾಕೆ ಕೂಗಿತು ಎಂದು ಅವಳು ಕಣ್ಣು ಮುಚ್ಚಿ ಹೇಳಬಲ್ಲಳು. ಸಾಲಿಂ ಅಂತ ಒಬ್ಬ ಅಜ್ಜ, ಖರ್ಜೂರದ ತೋಟದವನು, ವಾರಕ್ಕೆ ಮೂರು ದಿನ ಬರುತ್ತಾನೆ. ಸೂಜಿ ಚುಚ್ಚಲು ಬೇರೆ ಯಾರಿಗೂ ತೋಳು ಕೊಡುವುದಿಲ್ಲ. ಇವಳಿಗೆ ನೆಗಡಿಯಾದ ದಿನ ಇವಳನ್ನೇ ಬಯ್ದನಂತೆ, ನಿನಗೇನಾದರೂ ಆದರೆ ನನ್ನ ಗತಿಯೇನು ಎಂದು. ಕ್ವಾರ್ಟರ್ಸಿನ ಬಾಲ್ಕನಿಯಲ್ಲಿ ಮೊಸರಿನ ಡಬ್ಬಿಯೊಳಗೆ ಒಂದು ದೊಡ್ಡಪತ್ರೆ ಇದೆ, ಬೇಸಿಗೆಯಲ್ಲಿ ಅದನ್ನು ಬಾತ್‌ರೂಮಿನಲ್ಲಿಟ್ಟು ಕಾಪಾಡುತ್ತಾಳೆ.

"ನನಗೆ ಹೇಳೇ ಇಲ್ವಲ್ಲ ನೀನು."

"ನೀವು ಟೊಮೇಟೊ ತೋರಿಸ್ತಿದ್ರಲ್ಲ."

ಕತ್ತಲಲ್ಲಿ ಮುಖ ಕಾಣದಿದ್ದದ್ದಕ್ಕೋ ಏನೋ, ಕೊಟ್ರೇಶನೂ ಬಾಯಿ ಬಿಟ್ಟ. ರಿಟೈರಾದ ದಿನ ಹಾರ ಹಾಕಿಸಿಕೊಂಡ ಮೇಲೆ ಡಿಪೋದಲ್ಲಿ ಖಾಲಿ ಬಸ್ಸಿನ ಸೀಟಿಗೆ ಹೋಗಿ ಅರ್ಧ ಗಂಟೆ ಕೂತಿದ್ದನ್ನು ಹೇಳಿದ. ಆವತ್ತು ಮನೆಗೆ ಬಂದು ಅವಳಿಗೆ ಫೋನು ಮಾಡಿ, ಬೆಂಡೆ ಗಿಡ ತೋರಿಸಿದ್ದ.

"ಆವತ್ತೇ ಹೇಳ್ಬಾರ್ದಿತ್ತೇನ್ರೀ," ಎಂದಳು ಅವಳು. ಆಮೇಲೆ ಮೂಗು ಒರೆಸಿಕೊಂಡ ಸದ್ದು.

ಡಿಸೆಂಬರ್ ಮುಗಿಯುವಷ್ಟರಲ್ಲಿ ಮೂರು ನಿಮಿಷದ ಮಾತು ಮುಕ್ಕಾಲು ಗಂಟೆಯದಾಗಿತ್ತು. ಹೊಸ ವರ್ಷದ ಬೆಳಗ್ಗೆ ದೀಪ್ತಿ ಮಹಡಿಯಿಂದ ಕಿರುಚಿದಳು. ಕೊಟ್ರೇಶ ಹಲ್ಲುಜ್ಜುವ ಬ್ರಷ್ಷಿನ ಸಮೇತ ಓಡಿದ. ಬಳ್ಳಿಯ ತುದಿಯಲ್ಲಿ ಅಕ್ಕಿಕಾಳಿನಷ್ಟು ಮೊಗ್ಗು ಸಾಲಾಗಿ ಕೂತಿತ್ತು.

*

ಆರನೇ ತಾರೀಖು ಮನೆಗೆ ಬಂದ ಬಸವರಾಜೇಶ್ವರಿ ಚಪ್ಪಲಿಯನ್ನೂ ಬಿಡದೆ ಮಹಡಿ ಹತ್ತಿದಳು. ಬಳ್ಳಿಯ ತುದಿಯಲ್ಲಿ ಮೊದಲ ಹೂಗಳು ಅರಳಿದ್ದವು. ಅವಳು ಒಂದು ಗೊಂಚಲನ್ನು ಬೆರಳಲ್ಲಿ ಎತ್ತಿ, ಬಗ್ಗಿ ನೋಡಿದಳು.

"ಇದು ನಿಜವಾದ್ದು," ಎಂದಳು. "ಇರುವೆ ಇದೆ."

ಕೊಟ್ರೇಶ ಮೆಟ್ಟಿಲಿನ ಕಡೆ ನೋಡಿದ.

"ಆವತ್ತು ತೋರಿಸಿದ್ದು ಪ್ಲಾಸ್ಟಿಕ್ ಅಂತ ನೋಡಿದ ಕೂಡ್ಲೇ ಗೊತ್ತಾಯ್ತು ರೀ. ಬಿನ್ನಿಪೇಟೆಯವಳಿಗೆ ಅವರೆ ಹೂ ಗೊತ್ತಾಗಲ್ವಾ?"

"ಗೊತ್ತಿದ್ದೂ ರಜೆ ಹಾಕಿದ್ಯಾ?"

"ನನ್ನನ್ನ ಕರೆಸ್ಕೊಳ್ಳೋಕೆ ಯಾರೋ ಪ್ಲಾಸ್ಟಿಕ್ ಹೂ ಕಟ್ಟೋ ಮಟ್ಟಕ್ಕೆ ಹೋಗಿದಾರೆ ಅಂದ್ರೆ ಬರದೇ ಇರೋಕಾಗುತ್ತಾ?"

"ಕಟ್ಟಿದ್ದು ದೀಪ್ತಿ ಕಣೇ."

"ಬಿಚ್ಚಲಿಲ್ವಲ್ಲ ನೀವು."

ಮೆಟ್ಟಿಲಿನ ತಿರುವಿನಿಂದ ಒಂದು ಶಿಳ್ಳೆ ಕೇಳಿಸಿತು. "ಲೇ, ಕೆಳಗೆ ಹೋಗೇ!" ಎಂದು ಗಂಡ ಹೆಂಡತಿ ಒಟ್ಟಿಗೇ ಕೂಗಿದರು.

ಮುಂದಿನ ಭಾನುವಾರ ಹನುಮಯ್ಯನ ಹೊಲದ ಅವರೆ ತರಲು ಇಬ್ಬರೇ ಹೊರಟರು. ತಾವರೆಕೆರೆಯಲ್ಲಿ ಟೀ ಕುಡಿಯಲು ನಿಲ್ಲಿಸಿದಾಗ ಅವಳು ಬ್ಯಾಗಿನಿಂದ ಕವರು ತೆಗೆದು ಡ್ಯಾಶ್‌ಬೋರ್ಡಿನ ಮೇಲಿಟ್ಟಳು. ಕಾಂಟ್ರಾಕ್ಟ್ ಫಾರಮ್ಮು.

"ಹದಿನೈದಕ್ಕೆ ಕಳಿಸ್ಬೇಕು. ಏನು ಮಾಡ್ಲಿ?"

ಆರು ತಿಂಗಳಿಂದ ಕಾದ ಗಳಿಗೆ. ಕೊಟ್ರೇಶ ಟೀ ಲೋಟವನ್ನು ತಿರುಗಿಸಿದ, ಮತ್ತೆ ತಿರುಗಿಸಿದ. "ನಾನು ಇಲ್ಲೇ ಇರು ಅಂದ್ರೆ?"

"ಇರ್ತೀನಿ," ಎಂದಳು ಅವಳು ತಕ್ಷಣ. "ಅದಕ್ಕೇ ನೀವು ಏನು ಅಂತೀರೋ ಅಂತ ಭಯ."

"ಯಾಕೆ ಭಯ?"

ಅವಳು ರಸ್ತೆಯ ಕಡೆ ನೋಡಿದಳು. "ಬರ್ಬೇಕು ಅಂತ ಆಸೆ ಇದೆ ರೀ. ಸುಳ್ಳು ಹೇಳಲ್ಲ. ಆದ್ರೆ ಬಂದು ಮಾರನೇ ದಿನ ಬೆಳಗ್ಗೆ ಎದ್ದು ಏನು ಮಾಡ್ಲಿ? ಅಲ್ಲಿ ನಾನು ವಾರ್ಡಿಗೆ ಕಾಲಿಟ್ರೆ ಹದಿನಾಲ್ಕು ಜನ ತಲೆ ಎತ್ತಿ ನೋಡ್ತಾರೆ. ಇಲ್ಲಿ ಉಪ್ಪಿನ ಡಬ್ಬಿ ಎಲ್ಲಿದೆ ಅಂತ ದೀಪ್ತೀನ ಕೇಳ್ಬೇಕು."

ತಿಂಗಳ ಹಿಂದಾಗಿದ್ದರೆ ಕೊಟ್ರೇಶ 'ಇರು' ಅಂದುಬಿಡುತ್ತಿದ್ದ. ಈಗ ಅವನಿಗೆ ಸಾಲಿಂ ಅಜ್ಜನ ತೋಳು ಗೊತ್ತಿತ್ತು. ಬಾತ್‌ರೂಮಿನ ದೊಡ್ಡಪತ್ರೆ ಗೊತ್ತಿತ್ತು. ಖಾಲಿ ಬಸ್ಸಿನಲ್ಲಿ ಕೂತ ಅರ್ಧ ಗಂಟೆ ಹೇಗಿರುತ್ತದೆ ಎಂಬುದು ಅವನಿಗಿಂತ ಚೆನ್ನಾಗಿ ಯಾರಿಗೆ ಗೊತ್ತು? ಅದನ್ನು ಅವಳ ಕೈಗೆ ತಾನೇ ಕೊಡುವುದು ಹೇಗೆ?

ಟೀ ಲೋಟ ವಾಪಸ್ಸು ಕೊಟ್ಟು ಬಂದ. ಗಾಡಿ ಸ್ಟಾರ್ಟ್ ಮಾಡಿದ. ಎರಡು ಕಿಲೋಮೀಟರು ಕಳೆಯಿತು. ಅವಳು ಕವರನ್ನು ಮಡಿಲಲ್ಲಿಟ್ಟುಕೊಂಡು ಕೂತಿದ್ದಳು.

"ಅಲ್ಲಿ ಸ್ಟೇರಿಂಗು ಯಾವ ಕಡೆ ಇರುತ್ತೆ?" ಎಂದ ಇದ್ದಕ್ಕಿದ್ದಂತೆ.

"ಎಲ್ಲಿ?"

"ಮಸ್ಕತ್ತಲ್ಲಿ."

"ಎಡಗಡೆ."

"ಗೇರು ಬಲಗೈಯಲ್ಲಾ?"

"ಹೂಂ."

"ಅಂದ್ರೆ ಗಾಡಿ ರಸ್ತೆ ಬಲಕ್ಕೆ ಓಡಿಸ್ಬೇಕು." ಅವನು ಗಂಭೀರವಾಗಿ ತಲೆಯಾಡಿಸಿದ. "ಕಷ್ಟ. ಆದ್ರೆ ಕಲೀಬಹುದು. ಆ ಖರ್ಜೂರದ ತೋಟ ದೂರ ಆಗುತ್ತಾ?"

ಬಸವರಾಜೇಶ್ವರಿ ಅವನ ಕಡೆಗೆ ಪೂರ್ತಿ ತಿರುಗಿದಳು. ಬೆಂಗಳೂರು, ಮಾಗಡಿ, ಹುಟ್ಟೂರು ಕೊಟ್ಟೂರು ಬಿಟ್ಟು ಬೇರೆಲ್ಲಿಗೂ ಹೋಗಲೊಲ್ಲದ ಮನುಷ್ಯ. ಹತ್ತೊಂಬತ್ತು ವರ್ಷದಲ್ಲಿ ಅವಳು ಕರೆದಾಗಲೆಲ್ಲ ಡ್ಯೂಟಿ, ಆಮೇಲೆ ಗಿಡ ಎಂದು ನೆಪ ಹೇಳಿದವನು.

"ಒಂದೂವರೆ ಗಂಟೆ ದಾರಿ," ಎಂದಳು. "ಗುಡ್ಡದ ಮಧ್ಯೆ ರಸ್ತೆ. ತುಂಬಾ ಚೆನ್ನಾಗಿದೆ ರೀ."

"ನೀನು ಸಹಿ ಹಾಕು. ವರ್ಷಕ್ಕೆ ಮೂರು ತಿಂಗಳು ನಾನು ಅಲ್ಲಿರ್ತೀನಿ. ನಿನ್ನ ರಜೆ ಪ್ರತಿ ವರ್ಷ ಜನವರೀಲೇ ಹಾಕು. ಎರಡು ವರ್ಷ ಆದ್ಮೇಲೆ ಮತ್ತೆ ಕೂತು ಮಾತಾಡೋಣ."

"ಗಿಡಕ್ಕೆ ನೀರು?"

"ದೀಪ್ತಿ ಹಾಕ್ತಾಳೆ."

"ಅವಳಾ? ಒಣಗಿಸಿ ಅಷ್ಟೂ ಜಾಗಕ್ಕೆ ಪ್ಲಾಸ್ಟಿಕ್ ನೆಡ್ತಾಳೆ."

ಇಬ್ಬರೂ ನಕ್ಕರು. ನಗು ನಿಂತ ಮೇಲೂ ಅವಳು ಅವನ ತೋಳಿನ ಮೇಲಿಟ್ಟ ಕೈ ತೆಗೆಯಲಿಲ್ಲ. ಅವನು ಎರಡು ಬಸ್ ಸ್ಟಾಪು ನಿಲ್ಲಿಸದೆ ದಾಟಿದ.

ಮರುದಿನ ಬೆಳಗ್ಗೆ ಅಂಗಡಿ ತೆರೆಯುವ ಹೊತ್ತಿಗೇ ಕೊಟ್ರೇಶ ಅಂಜಿನಯ್ಯನ ಫೋಟೋ ಸ್ಟುಡಿಯೋದಲ್ಲಿದ್ದ. ಪಾಸ್‌ಪೋರ್ಟಿಗೆ ಆಫೀಸಿನವರೇ ಫೋಟೋ ತೆಗೆಯುತ್ತಾರೆ ಎಂದು ದೀಪ್ತಿ ಹೇಳಿದರೂ ಕೇಳಿರಲಿಲ್ಲ. ವೀಸಾಕ್ಕೆ ಬೇಕಾಗುತ್ತದೆ, ಇರಲಿ ಎಂದಿದ್ದ. ಇಸ್ತ್ರಿ ಮಾಡಿದ ಅಂಗಿ, ಹಣೆಯಲ್ಲಿ ವಿಭೂತಿ. ಬಾಗಿಲಲ್ಲಿ ಹೆಂಡತಿ ಮಗಳು ಒಬ್ಬರಿಗೊಬ್ಬರು ಆತುಕೊಂಡು ನಿಂತು ನೋಡುತ್ತಿದ್ದರು.

"ಸಾರ್, ಬಾಯಿ ಮುಚ್ಚಿ. ನಗಬಾರ್ದು," ಎಂದ ಅಂಜಿನಯ್ಯ.

ಕೊಟ್ರೇಶ ಮುಖ ಬಿಗಿ ಮಾಡಿದ. ಕ್ಲಿಕ್ ಆಗುವಷ್ಟರಲ್ಲಿ ಸಡಿಲವಾಯಿತು.

"ಸಾರ್, ಇದು ನಾಕನೇ ಸಲ. ಹಲ್ಲು ಕಂಡ್ರೆ ರಿಜೆಕ್ಟ್ ಮಾಡ್ತಾರೆ."

"ಒಂದು ನಿಮಿಷ ತಡಿಯಪ್ಪ," ಎಂದು ಕೊಟ್ರೇಶ ಎರಡೂ ಕೈಯಿಂದ ಕೆನ್ನೆ ಒತ್ತಿ ಹಿಡಿದುಕೊಂಡ.